ಬಸ್ಸಿನಲ್ಲಿ ಹೋಗಿ, ಕಾಡಿನಿಂದ ಮನೆಗೆ ನಡೆದು ಬನ್ನಿ: ಸ್ಟಾಕ್‌ಹೋಮ್ ಪಕ್ಕದ ಒಂದು ರಾತ್ರಿಯ ಚಾರಣ

ಸ್ವೀಡನ್ನಿಗೆ ಬಂದ ಹೊಸತರಲ್ಲಿ ನಮ್ಮವರೆಲ್ಲರ ಪಟ್ಟಿ ಒಂದೇ. ಉತ್ತರದ ತುದಿಯ ಕಿರುನಾ, ಅಬಿಸ್ಕೋ, ಆಕಾಶದಲ್ಲಿ ಹಸಿರು ಬೆಳಕು, ಆಮೇಲೆ ನಾರ್ವೆಯ ಲೊಫೊಟೆನ್. ಚೆಂದವೇ, ಇಲ್ಲ ಅನ್ನುವುದಿಲ್ಲ. ಆದರೆ ಅಬಿಸ್ಕೋಗೆ ರೈಲಿನಲ್ಲಿ ಹೋಗುವುದಕ್ಕೇ ಒಂದಿಡೀ ರಾತ್ರಿ ಸಾಲುವುದಿಲ್ಲ. ರಜೆ ಬೇಕು, ದುಡ್ಡು ಬೇಕು, ಹವಾಮಾನದ ಕೃಪೆಯೂ ಬೇಕು. ವರ್ಷಕ್ಕೊಮ್ಮೆ ಆದರೆ ಪುಣ್ಯ. ಮಿಕ್ಕ ಶನಿವಾರಗಳು ಮಾಲ್, ತರಕಾರಿ ಅಂಗಡಿ, ಬಟ್ಟೆ ಒಗೆಯುವುದರಲ್ಲಿ ಮುಗಿದುಹೋಗುತ್ತವೆ.

ನಾನು ಕೆಲವು ವರ್ಷಗಳಿಂದ ಮಾಡುತ್ತಿರುವುದು ಬೇರೆ. ಶುಕ್ರವಾರ ಆಫೀಸು ಮುಗಿಸಿ ಬಸ್ಸಿನಲ್ಲಿ ಕಾಡಿಗೆ ಹೋಗುತ್ತೇನೆ. ರಾತ್ರಿ ಅಲ್ಲೇ ಮಲಗುತ್ತೇನೆ. ಶನಿವಾರ ಇಡೀ ದಿನ ಕಾಡಿನೊಳಗೇ ನಡೆದು ಮೆಟ್ರೋ ಸ್ಟೇಷನ್ನಿಗೆ ಬರುತ್ತೇನೆ. ಸಾಮಾನ್ಯವಾಗಿ ಎಲ್ಲರೂ ಊರಿನಿಂದ ಕಾಡಿನ ಕಡೆ ನಡೆಯುತ್ತಾರೆ, ಇದು ಉಲ್ಟಾ. ಇದರಲ್ಲಿ ಒಂದು ಉಪಾಯವಿದೆ. ಊರಿನಿಂದ ಹೊರಟರೆ ಸಂಜೆ ಕಾಡಂಚಿನ ಕೊನೇ ಬಸ್ಸು ತಪ್ಪುತ್ತೇನೋ ಎಂಬ ಚಿಂತೆ ದಿನವಿಡೀ ಬೆನ್ನಿಗೆ ಅಂಟಿಕೊಂಡಿರುತ್ತದೆ. ಉಲ್ಟಾ ನಡೆದರೆ ಕೊನೆಯಲ್ಲಿ ಸಿಗುವುದು ಮೆಟ್ರೋ. ಒಂದು ತಪ್ಪಿದರೆ ಇನ್ನೊಂದು. ಕಾಲು ಸೋತಷ್ಟೂ ಮನೆ ಹತ್ತಿರವಾಗುತ್ತಿರುತ್ತದೆ, ಊಟ ಖಾಲಿಯಾಗಿ ಚೀಲವೂ ಹಗುರ.

ಹಾದಿ ಇದು: ತೀರೆಸ್ತಾ ರಾಷ್ಟ್ರೀಯ ಉದ್ಯಾನದಿಂದ ಬ್ಯೋರ್ಕ್‌ಹಾಗೆನ್ ಮೆಟ್ರೋ ಸ್ಟೇಷನ್‌ವರೆಗೆ, ಸೋರ್ಮ್‌ಲಾಂಡ್ಸ್‌ಲೇಡೆನ್ ಎಂಬ ಕಾಲುಹಾದಿಯಲ್ಲಿ, ಸುಮಾರು 20 ಕಿಲೋಮೀಟರ್. ಈ ಕಾಲುಹಾದಿ ಒಟ್ಟು ಸಾವಿರ ಕಿಲೋಮೀಟರಿಗೂ ಉದ್ದ. ಅದರ ಮೊದಲ ತುದಿ ಇರುವುದು ಒಂದು ಮೆಟ್ರೋ ಸ್ಟೇಷನ್ನಿನ ಪಕ್ಕ! ಸ್ಟಾಕ್‌ಹೋಮಿನಲ್ಲಿ ಹತ್ತು ವರ್ಷ ಇದ್ದವರಿಗೂ ಇದು ಎಷ್ಟೋ ಸಲ ಗೊತ್ತಿರುವುದಿಲ್ಲ.

ಮೊದಲು ಹಕ್ಕು ತಿಳಿದುಕೊಳ್ಳಿ

ನಮ್ಮಲ್ಲಿ ಕುಮಾರಪರ್ವತ ಹತ್ತಬೇಕಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಇಲ್ಲಿ ಕಾಡಿಗೆ ಕಾಲಿಡಲು ಯಾರನ್ನೂ ಕೇಳಬೇಕಿಲ್ಲ. ಅಲ್ಲೆಮಾನ್ಸ್‌ರೆಟ್ಟೆನ್ ಅನ್ನುತ್ತಾರೆ, ಎಲ್ಲರ ಹಕ್ಕು ಅಂತ ಅರ್ಥ. 1994ರಿಂದ ಸ್ವೀಡನ್ನಿನ ಸಂವಿಧಾನದಲ್ಲೇ ಇದರ ಪ್ರಸ್ತಾಪವಿದೆ. ಬೇರೆಯವರ ಕಾಡಿನಲ್ಲೂ ನಡೆಯಬಹುದು, ಕೆರೆಯಲ್ಲಿ ಈಜಬಹುದು, ಬ್ಲೂಬೆರಿ, ಅಣಬೆ ಕೀಳಬಹುದು, ಒಂದೆರಡು ರಾತ್ರಿ ಟೆಂಟ್ ಹಾಕಬಹುದು. ಇದಕ್ಕಿರುವ ಷರತ್ತನ್ನು ಎರಡೇ ಮಾತಿನಲ್ಲಿ ಹೇಳುತ್ತಾರೆ: ತೊಂದರೆ ಕೊಡಬೇಡಿ, ಹಾಳು ಮಾಡಬೇಡಿ. ಮನೆಗಳ ಹತ್ತಿರ, ಬೆಳೆ ಇರುವ ಹೊಲದಲ್ಲಿ ಟೆಂಟ್ ಹಾಕುವಂತಿಲ್ಲ. ಹಸಿ ಮರದ ಒಂದು ಕೊಂಬೆಯನ್ನೂ ಮುರಿಯುವಂತಿಲ್ಲ.

ನಮ್ಮವರು ಎಡವುವುದು ಇಲ್ಲೇ. ಎಲ್ಲರ ಹಕ್ಕು ಎಂದ ಮಾತ್ರಕ್ಕೆ ಎಲ್ಲ ಕಡೆ ಒಂದೇ ನಿಯಮ ಅಲ್ಲ. ರಾಷ್ಟ್ರೀಯ ಉದ್ಯಾನ ಮತ್ತು ಮೀಸಲು ಕಾಡುಗಳಲ್ಲಿ ನಿಯಮ ಬಿಗಿ, ಒಂದೊಂದರಲ್ಲೂ ಬೇರೆ ಬೇರೆ. ತೀರೆಸ್ತಾದಲ್ಲಿ ಟೆಂಟ್ ಹಾಕಲು ಗುರುತು ಮಾಡಿದ ಜಾಗಗಳಿವೆ. ಬೆಂಕಿ ಹಚ್ಚುವುದು ಅಲ್ಲಿಯ ಕಟ್ಟಿದ ಒಲೆಗಳಲ್ಲಿ ಮಾತ್ರ. ನಾಯಿ ಇದ್ದರೆ ಸರಪಳಿ ಬೇಕೇ ಬೇಕು. ಪ್ರವೇಶದ ಬಳಿಯ ಬೋರ್ಡಿನ ಫೋಟೋ ತೆಗೆದಿಟ್ಟುಕೊಳ್ಳಿ. ಸ್ವೀಡಿಷ್ ಬಾರದಿದ್ದರೆ ಫೋನೇ ಅನುವಾದ ಮಾಡಿಕೊಡುತ್ತದೆ.

ಯಾವಾಗ ಹೋಗಬೇಕು

ಮೊದಲ ಸಲಕ್ಕೆ ಮೇ ಕೊನೆಯಿಂದ ಸೆಪ್ಟೆಂಬರ್ ಮೊದಲ ವಾರದವರೆಗೆ. ಜೂನ್ ಮಧ್ಯದಲ್ಲಿ ಸ್ಟಾಕ್‌ಹೋಮಿನಲ್ಲಿ ಹಗಲು ಹದಿನೆಂಟು ಗಂಟೆ ಮೀರುತ್ತದೆ. ಸೂರ್ಯ ಮುಳುಗಿದ ಮೇಲೂ ಪೂರ್ತಿ ಕತ್ತಲಾಗುವುದೇ ಇಲ್ಲ, ಮೋಡ ಕವಿದ ಸಂಜೆಯ ಹಾಗೆ ಇರುತ್ತದೆ. ಹಾದಿ ತಪ್ಪುವ ಭಯ ಕಡಿಮೆ. ಆದರೆ ನಿದ್ದೆ ಬರಲು ಕಣ್ಣಿಗೆ ಬಟ್ಟೆ ಕಟ್ಟಿಕೊಳ್ಳಬೇಕು.

ನನಗೆ ಇಷ್ಟ ಆಗಸ್ಟ್ ಕೊನೆ. ಸೊಳ್ಳೆ ಕಮ್ಮಿ, ಕೆರೆ ನೀರು ಇನ್ನೂ ಬೆಚ್ಚಗೆ, ರಾತ್ರಿ ರಾತ್ರಿಯ ಹಾಗೇ ಇರುತ್ತದೆ. ಅಣಬೆ ಗೊತ್ತಿದ್ದರೆ ಹಳದಿ ಕಾಂತರೆಲ್ ಸಿಗುವ ಕಾಲವೂ ಅದೇ. ಗೊತ್ತಿಲ್ಲದಿದ್ದರೆ ಮುಟ್ಟಬೇಡಿ.

ಹೊರಡುವ ಮುನ್ನಾದಿನ ಎರಡು ನೋಡಿಕೊಳ್ಳಿ. ಸ್ವೀಡನ್ನಿನ ಹವಾಮಾನ ಇಲಾಖೆ ಎಸ್‌ಎಂಎಚ್‌ಐ ಕೊಡುವ ವರದಿಯಲ್ಲಿ ರಾತ್ರಿಯ ಕನಿಷ್ಠ ತಾಪಮಾನ. ಮತ್ತೆ ಆ ಪ್ರದೇಶದಲ್ಲಿ ಬೆಂಕಿ ನಿಷೇಧ ಇದೆಯಾ ಅಂತ. ಒಣ ಬೇಸಿಗೆಯಲ್ಲಿ ನಿಷೇಧ ಬಂದೇ ಬರುತ್ತದೆ, ಕಟ್ಟಿದ ಒಲೆಗೂ ಕೆಲವೊಮ್ಮೆ ಅನ್ವಯಿಸುತ್ತದೆ. ಇದು ಸುಮ್ನೆ ಹೇಳುವ ಮಾತಲ್ಲ. 1999ರ ಆಗಸ್ಟಿನಲ್ಲಿ ಇದೇ ತೀರೆಸ್ತಾದಲ್ಲಿ ಬೆಂಕಿ ಬಿದ್ದು ಸುಮಾರು 450 ಹೆಕ್ಟೇರ್ ಕಾಡು ಸುಟ್ಟುಹೋಯಿತು.

ಚೀಲದಲ್ಲಿ ಏನಿರಬೇಕು

ದುಬಾರಿ ಸಾಮಾನು ಬೇಕಿಲ್ಲ. ಟೆಂಟ್, ಸ್ಲೀಪಿಂಗ್ ಬ್ಯಾಗ್, ಮ್ಯಾಟ್ ಮೂರನ್ನೂ ಮೊದಲ ಸಲ ಯಾರಿಂದಾದರೂ ಎರವಲು ಪಡೆಯಿರಿ. ಇಲ್ಲಿ ಪ್ರತಿ ಸಹೋದ್ಯೋಗಿಯ ಮನೆಯ ಸ್ಟೋರ್ ರೂಮಿನಲ್ಲೂ ಒಂದು ಸೆಟ್ ಧೂಳು ತಿನ್ನುತ್ತಿರುತ್ತದೆ. ಕೇಳಿದರೆ ಖುಷಿಯಿಂದ ಕೊಡುತ್ತಾರೆ, ಜೊತೆಗೆ ಅರ್ಧ ಗಂಟೆ ಉಪದೇಶ ಉಚಿತ.

ಸ್ಲೀಪಿಂಗ್ ಬ್ಯಾಗ್ ವಿಷಯದಲ್ಲಿ ಮಾತ್ರ ನನ್ನ ಕಥೆ ಕೇಳಿ. ಮೊದಲ ಸಲ ನಾನೇ ಅಗ್ಗಕ್ಕೆ ಒಂದು ಕೊಂಡೆ. ಚೀಲದ ಮೇಲೆ ದಪ್ಪ ಅಕ್ಷರದಲ್ಲಿ ಮೈನಸ್ 5 ಅಂತಿತ್ತು. ಜೂನ್ ತಿಂಗಳು, ರಾತ್ರಿ 6 ಡಿಗ್ರಿ, ಧಾರಾಳವಾಯಿತು ಅಂದುಕೊಂಡೆ. ಎರಡು ಗಂಟೆಗೆ ಎಚ್ಚರವಾಯಿತು. ಹಲ್ಲು ಕಟಕಟ. ಇದ್ದಬದ್ದ ಬಟ್ಟೆಯೆಲ್ಲ ಹಾಕಿಕೊಂಡು, ಖಾಲಿ ಚೀಲದೊಳಗೆ ಕಾಲು ತೂರಿಸಿ ಬೆಳಗಿಗೆ ಕಾದೆ. ಆಮೇಲೆ ಚೀಟಿ ಓದಿದಾಗ ಗೊತ್ತಾಯಿತು: ಅದರಲ್ಲಿ ಮೂರು ಸಂಖ್ಯೆ ಇರುತ್ತವೆ. ಕಂಫರ್ಟ್, ಲಿಮಿಟ್, ಎಕ್ಸ್‌ಟ್ರೀಮ್. ನಾನು ನೋಡಿದ್ದು ಎಕ್ಸ್‌ಟ್ರೀಮ್. ಅಂದರೆ ನಿದ್ದೆ ಮರೆತುಬಿಡಿ, ಜೀವ ಉಳಿದರೆ ಸಾಕು ಅನ್ನುವ ಸಂಖ್ಯೆ. ನೀವು ನೋಡಬೇಕಾದದ್ದು ಕಂಫರ್ಟ್ ಒಂದನ್ನೇ. ಬೇಸಿಗೆಗೆ ಅದು 0 ಡಿಗ್ರಿ ಆಸುಪಾಸಿನಲ್ಲಿದ್ದರೆ ನೆಮ್ಮದಿ. ನಮ್ಮಂಥ ಚಳಿಗೆ ಹೆದರುವ ಮೈಗೆ ಇನ್ನೂ ಸ್ವಲ್ಪ ಕೆಳಗಿದ್ದರೆ ಒಳ್ಳೆಯದು. ಮ್ಯಾಟ್ ಮರೆಯಲೇಬೇಡಿ. ಮೇಲಿನಿಂದ ಬರುವ ಚಳಿಗಿಂತ ನೆಲ ಹೀರುವ ಶಾಖ ಜಾಸ್ತಿ.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಮಳೆ ಜಾಕೆಟ್. ಉಣ್ಣೆಯ ಒಂದು ಒಳ ಅಂಗಿ. ಕಾಟನ್ ಬೇಡ, ಬೆವರು ಕುಡಿದರೆ ಒಣಗುವುದಿಲ್ಲ. ಎರಡು ಜೊತೆ ಕಾಲುಚೀಲ, ಒಂದು ಮಲಗಲು ಮಾತ್ರ. ತಲೆಗೆ ಕಟ್ಟುವ ಟಾರ್ಚ್. ಪವರ್ ಬ್ಯಾಂಕ್. ಮೊದಲೇ ಡೌನ್‌ಲೋಡ್ ಮಾಡಿದ ನಕ್ಷೆ, ಏಕೆಂದರೆ ತಗ್ಗಿನ ಜಾಗಗಳಲ್ಲಿ ಸಿಗ್ನಲ್ ಕೈಕೊಡಬಹುದು. ಎರಡು ಲೀಟರ್ ನೀರು. ಬೊಕ್ಕೆ ಬಂದರೆ ಹಚ್ಚಲು ಪ್ಲಾಸ್ಟರ್. ಎಲ್ಲಾ ಸೇರಿ ಹತ್ತು-ಹನ್ನೆರಡು ಕಿಲೋ ದಾಟಿದರೆ ಏನೋ ಜಾಸ್ತಿ ತುಂಬಿದ್ದೀರಿ ಅಂತ ಅರ್ಥ.

ಕೆರೆ ನೀರು ಕಾಣಲು ತಿಳಿಯಾಗಿರುತ್ತದೆ, ಕುದಿಸದೆ ಕುಡಿಯಬೇಡಿ.

ಊಟ: ಇದರಲ್ಲಿ ನಾವು ಅವರಿಗಿಂತ ಮುಂದೆ

ಸ್ವೀಡಿಷ್ ಜನ ಒಣಗಿಸಿದ ಊಟದ ಪ್ಯಾಕೆಟ್ಟಿಗೆ ಸಿಕ್ಕಾಪಟ್ಟೆ ದುಡ್ಡು ಕೊಡುತ್ತಾರೆ. ನಮ್ಮ ಅಜ್ಜಿಯರು ಇದನ್ನು ಯಾವತ್ತೋ ಕಂಡುಹಿಡಿದಿದ್ದರು, ಅಲ್ವಾ?

ಗುರುವಾರ ರಾತ್ರಿ ಒಂದು ಲೋಟ ಬನ್ಸಿ ರವೆಯನ್ನು ಘಮ್ ಅನ್ನುವವರೆಗೆ ಹುರಿಯಿರಿ. ಬೇರೆ ಬಾಣಲೆಯಲ್ಲಿ ಎಣ್ಣೆ, ಸಾಸಿವೆ, ಕಡಲೆಬೇಳೆ, ಕರಿಬೇವು, ಒಣಮೆಣಸಿನಕಾಯಿ, ಇಂಗಿನ ಒಗ್ಗರಣೆ. ಕರಿಬೇವು ಗರಿಗರಿ ಆಗಲೇಬೇಕು, ಹಸಿ ಉಳಿದರೆ ಮರುದಿನಕ್ಕೆ ಮುಗ್ಗು. ಉಪ್ಪು ಸೇರಿಸಿ ರವೆಗೆ ಕಲಸಿ, ಆರಿದ ಮೇಲೆ ಜಿಪ್ ಕವರಿಗೆ ತುಂಬಿ. ಕಾಡಿನಲ್ಲಿ ಎರಡೂವರೆ ಲೋಟ ನೀರು ಕುದಿಸಿ, ರವೆ ಸುರಿದು ತಿರುವಿ, ಮುಚ್ಚಿ ಐದು ನಿಮಿಷ ಬಿಡಿ. ಉಪ್ಪಿಟ್ಟು ಸಿದ್ಧ. ಪಕ್ಕದ ಟೆಂಟಿನವರು ಮೂಗು ಅರಳಿಸಿ ಇತ್ತ ನೋಡುತ್ತಾರೆ, ಗ್ಯಾರಂಟಿ.

ಬೆಳಗಿನ ತಿಂಡಿಗೆ ಗೊಜ್ಜವಲಕ್ಕಿ, ಅದಕ್ಕೆ ತಣ್ಣೀರೇ ಸಾಕು. ದಾರಿಗೆ ಚಪಾತಿ ಮತ್ತು ಚಟ್ನಿಪುಡಿ, ಕಡಲೆಬೀಜ, ಬೆಲ್ಲ. ಒಲೆಗೆ ಟ್ರಾಂಗಿಯಾ ಎಂಬ ಸ್ಪಿರಿಟ್ ಒಲೆ ಇಲ್ಲಿ ಬಹಳ ಬಳಕೆಯಲ್ಲಿದೆ. ಗಾಳಿಗೆ ಆರುವುದಿಲ್ಲ, ಕೆಡುವಂಥ ಭಾಗವೇ ಅದರಲ್ಲಿಲ್ಲ. ಆದರೆ ಸ್ಪಿರಿಟ್ ಉರಿ ಹಗಲಿನಲ್ಲಿ ಕಣ್ಣಿಗೆ ಕಾಣುವುದಿಲ್ಲ. ಆರಿದೆ ಅಂದುಕೊಂಡು ಮತ್ತೆ ಸ್ಪಿರಿಟ್ ಸುರಿಯಬೇಡಿ. ಬಟ್ಟಲು ಪೂರ್ತಿ ತಣ್ಣಗಾಗಲಿ, ಆಮೇಲೆ ತುಂಬಿ. ಬೆಂಕಿ ನಿಷೇಧ ಇರುವಾಗ ಒಲೆಗೆ ಅನುಮತಿ ಇದೆಯೋ ಇಲ್ಲವೋ ಅದೂ ಆಯಾ ಪ್ರದೇಶದ ಆದೇಶದಲ್ಲೇ ಬರೆದಿರುತ್ತದೆ. ಅದನ್ನು ಓದಿ.

ಶುಕ್ರವಾರ ಸಂಜೆ

ಲೋಕಲ್ ರೈಲು ಹಿಡಿದು ಹಾಂಡೆನ್ ಸ್ಟೇಷನ್. ಅಲ್ಲಿಂದ 834 ನಂಬರ್ ಬಸ್ಸು, ಕೊನೆಯ ನಿಲ್ದಾಣ ತೀರೆಸ್ತಾ ಹಳ್ಳಿ. ಸ್ಟಾಕ್‌ಹೋಮಿನ ಬಸ್ಸು, ರೈಲು, ಮೆಟ್ರೋ ಎಲ್ಲಕ್ಕೂ ಒಂದೇ ಆದ ಎಸ್‌ಎಲ್ ಟಿಕೆಟ್ 75 ನಿಮಿಷ ನಡೆಯುತ್ತದೆ, ಸಮಯ ಹೊಂದಿಸಿಕೊಂಡರೆ ಒಂದೇ ಟಿಕೆಟ್ಟಿನಲ್ಲಿ ಮುಗಿಯುತ್ತದೆ. ಸಂಜೆ ಬಸ್ಸು ವಿರಳ, ವೇಳೆ ನೋಡಿಕೊಂಡೇ ಆಫೀಸಿನಿಂದ ಏಳಿ.

ಬಸ್ಸಿಳಿದರೆ ಕೆಂಪು ಬಣ್ಣದ ಹಳೇ ಮರದ ಮನೆಗಳು, ಹೊಲ, ಹುಲ್ಲುಗಾವಲು. ಅವನ್ನು ದಾಟಿದ ಮೇಲೆ ಕಾಡು ಶುರು. ಇದು ನೆಟ್ಟ ಕಾಡಲ್ಲ. ಕೆಲವು ಪೈನ್ ಮರಗಳಿಗೆ ನಾನೂರು ವರ್ಷ ವಯಸ್ಸು. 1993ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಹಳೇ ಪೈನ್ ಗುರುತಿಸುವುದು ಸುಲಭ: ಕೆಳಗಿನ ತೊಗಟೆ ಮೊಸಳೆ ಚರ್ಮದ ಹಾಗೆ ದಪ್ಪ, ತುದಿ ಮೊನಚಾಗಿರದೆ ಚಪ್ಪಟೆ ಕೊಡೆಯಂತೆ.

ಉದ್ಯಾನದೊಳಗೆ ಬಿಲ್‌ಶೋನ್, ಓರ್‌ಶೋನ್, ಸ್ಟೇನ್‌ಶೋನ್ ಮೊದಲಾದ ಕೆರೆಗಳಿವೆ. ಮಲಗುವ ಜಾಗವನ್ನು ಮನೆಯಲ್ಲೇ ನಕ್ಷೆ ನೋಡಿ ನಿರ್ಧರಿಸಿ, ಒಂದು ಗಂಟೆಯ ನಡಿಗೆಯೊಳಗೆ ಇರಲಿ. ಸುಟ್ಟ ಕಾಡಿನ ಭಾಗದಲ್ಲಿ ಹಾದುಹೋಗುವುದಾದರೆ ಗಾಳಿ ಜೋರಿದ್ದಾಗ ಬೇಡ. ಒಣಗಿ ನಿಂತ ಮರಗಳು ಹೇಳದೆ ಕೇಳದೆ ಉರುಳುತ್ತವೆ.

ಟೆಂಟ್ ಎಲ್ಲಿ, ಹೇಗೆ

ನನ್ನ ಆ ಮೊದಲ ರಾತ್ರಿ ಹಾಳಾಗಲು ಸ್ಲೀಪಿಂಗ್ ಬ್ಯಾಗ್ ಅರ್ಧ ಕಾರಣ, ಜಾಗ ಇನ್ನರ್ಧ. ತಗ್ಗಿನಲ್ಲಿ, ಜೌಗಿನ ಪಕ್ಕ, ಪಾಚಿಯ ಮೇಲೆ ಹಾಸಿದ್ದೆ. ಮೆತ್ತಗಿತ್ತು ಅಂತ. ಪಾಚಿ ಅನ್ನುವುದು ಸ್ಪಂಜು. ಮೈಭಾರ ಬಿದ್ದಾಗ ನೀರು ಮೇಲೆ ಬಂತು. ತಣ್ಣನೆ ಗಾಳಿ ನೀರಿನ ಹಾಗೆಯೇ ಇಳಿಜಾರು ಹಿಡಿದು ತಗ್ಗಿಗೆ ಬಂದು ನಿಲ್ಲುತ್ತದೆ. ಸೊಳ್ಳೆಗಳೂ ಅಲ್ಲೇ.

ಹಾಗಾಗಿ ಗುರುತು ಮಾಡಿದ ಜಾಗದೊಳಗೂ ಸ್ವಲ್ಪ ಎತ್ತರ ಹುಡುಕಿ. ಪೈನ್ ಸೂಜಿಯೆಲೆ ಉದುರಿದ ಒಣ ನೆಲ ಒಳ್ಳೆಯದು. ಕೆರೆಯಿಂದ ತೆಳ್ಳಗೆ ಗಾಳಿ ಬೀಸುತ್ತಿದ್ದರೆ ಸೊಳ್ಳೆ ನಿಲ್ಲುವುದಿಲ್ಲ. ಟೆಂಟ್ ಬಿಚ್ಚುವ ಮೊದಲು ಆ ಜಾಗದಲ್ಲಿ ನೆಲದ ಮೇಲೆ ಎರಡು ನಿಮಿಷ ಮಲಗಿ ನೋಡಿ. ಬೆನ್ನಿಗೆ ಬೇರು ಒತ್ತುತ್ತಿದೆಯಾ, ತಲೆ ತಗ್ಗಿಗೆ ಜಾರುತ್ತಿದೆಯಾ ಅಂತ ಆಗಲೇ ಗೊತ್ತಾಗುತ್ತದೆ. ತಲೆಯ ಮೇಲೆ ಒಣ ಮರ ಇಲ್ಲದಿರಲಿ.

ಇಲ್ಲಿ ಎರಡು ಇಂಚು ಮಣ್ಣಿನ ಕೆಳಗೆ ಬಂಡೆ. ಗೂಟ ಇಳಿಯದಿದ್ದರೆ ಬಗ್ಗಿಸಿ ಹಾಳು ಮಾಡಬೇಡಿ, ಹಗ್ಗವನ್ನು ಭಾರದ ಕಲ್ಲಿಗೆ ಸುತ್ತಿ. ಬೆಳಗ್ಗೆ ಆ ಕಲ್ಲುಗಳನ್ನು ಇದ್ದಲ್ಲೇ ಇಡಿ. ಬರೀ ಬಂಡೆಯ ಮೇಲೆ ಬೆಂಕಿ ಮಾತ್ರ ಎಲ್ಲಿಯೂ ಹಚ್ಚಬೇಡಿ. ಕಾದು ಸಿಡಿದ ಬಂಡೆಯ ಗಾಯ ಮಾಯುವುದಿಲ್ಲ.

ರಾತ್ರಿ ಕೆರೆಯ ಕಡೆಯಿಂದ ಯಾರೋ ಉದ್ದಕ್ಕೆ ಊಳಿಟ್ಟ ಹಾಗೆ ಕೇಳಿಸಬಹುದು. ಎದೆ ಧಸಕ್ ಅನ್ನುತ್ತದೆ. ಅದು ಸ್ತೂರ್‌ಲೂಮ್ ಎಂಬ ನೀರುಹಕ್ಕಿ.

ಶನಿವಾರ: ಕಿತ್ತಳೆ ಬಣ್ಣ ಹಿಡಿದು

ಎಂಟು ಗಂಟೆಗೆ ಹೊರಡಿ. ಮರಗಳ ಮೇಲೆ ಕಿತ್ತಳೆ ಬಣ್ಣದ ಪಟ್ಟಿಗಳಿವೆ, ಅವೇ ನಿಮ್ಮ ದಾರಿ. ಹತ್ತು ನಿಮಿಷ ಕಳೆದರೂ ಪಟ್ಟಿ ಕಾಣದಿದ್ದರೆ ನಿಲ್ಲಿ. ಮುಂದೆ ಸಿಗಬಹುದು ಅಂತ ಹೋಗಬೇಡಿ. ಕೊನೆಯ ಪಟ್ಟಿ ಕಂಡ ಕಡೆಗೆ ವಾಪಸ್ ಬಂದು ಮತ್ತೆ ಹುಡುಕಿ.

20 ಕಿಲೋಮೀಟರ್ ಅಂದರೆ ಲಾಲ್‌ಬಾಗ್ ಸುತ್ತಿದ ಲೆಕ್ಕ ಹಾಕಬೇಡಿ. ದೊಡ್ಡ ಬೆಟ್ಟವಿಲ್ಲ ನಿಜ. ಆದರೆ ಬಂಡೆ ಹತ್ತು, ಜೌಗಿಗೆ ಇಳಿ, ಮತ್ತೆ ಹತ್ತು, ಇದೇ ಆಟ. ಚೀಲ ಹೊತ್ತು ಗಂಟೆಗೆ ಮೂರು ಕಿಲೋಮೀಟರ್ ಅಂದುಕೊಳ್ಳಿ. ಊಟ, ಈಜು ಸೇರಿ ಎಂಟು-ಒಂಬತ್ತು ಗಂಟೆ. ಜೌಗಿನ ಮೇಲೆ ಹಲಗೆ ಹಾಸಿರುತ್ತಾರೆ. ಒದ್ದೆಯಾದಾಗ ಅದು ಸೋಪು ಹಚ್ಚಿದ ಬಚ್ಚಲು. ಹಿಮ್ಮಡಿ ಊರಬೇಡಿ, ಪಾದ ಪೂರ್ತಿ ಚಪ್ಪಟೆಯಾಗಿ ಇಟ್ಟು ಸಣ್ಣ ಹೆಜ್ಜೆ ಹಾಕಿ. ನಾನು ಎರಡು ಸಲ ಬಿದ್ದಿದ್ದೇನೆ, ಎರಡೂ ಸಲ ಫೋನ್ ನೋಡುತ್ತಿದ್ದೆ.

ಅರ್ಧದಾರಿಯ ಹತ್ತಿರ ಅಲ್ಬಿ ಎಂಬ ಜಾಗ ಬರುತ್ತದೆ. ಇಲ್ಲಿ ಪ್ರಾಮಾಣಿಕವಾಗಿ ಕೇಳಿಕೊಳ್ಳಿ: ಮೊಣಕಾಲು ಸರಿ ಇದೆಯಾ? ಮಕ್ಕಳು ಮುಖ ಊದಿಸಿದ್ದಾರಾ? ಹಾಗಿದ್ದರೆ ಪಕ್ಕದಲ್ಲೇ ತೀರೆಸೋ ಪಟ್ಟಣ, ಅಲ್ಲಿಂದ ಗುಲ್‌ಮಾರ್ಸ್‌ಪ್ಲಾನ್ ಮೆಟ್ರೋ ಸ್ಟೇಷನ್ನಿಗೆ ಬಸ್ಸಿದೆ. ಹತ್ತಿ ಮನೆಗೆ ಹೋಗಿ. ಯಾವ ನಾಚಿಕೆಯೂ ಇಲ್ಲ. ಉಳಿದರ್ಧ ಇನ್ನೊಂದು ಶನಿವಾರಕ್ಕೆ. ಮುಂದುವರಿದರೆ ನಾಕಾ ಮೀಸಲು ಕಾಡು. ಅಲ್ಲಿ ಓಡುವವರು, ಪ್ರಾಮ್ ತಳ್ಳುವವರು, ನಾಯಿಗಳು ಎದುರಾಗುತ್ತಾರೆ. ಊರಿನ ವಾಸನೆ ಶುರುವಾಗುತ್ತದೆ, ನಿಮ್ಮ ಮೈಯಿಂದ ಹೊಗೆಯ ವಾಸನೆ. ಬ್ಯೋರ್ಕ್‌ಹಾಗೆನ್‌ನಲ್ಲಿ ಮೆಟ್ರೋ ಹತ್ತಿದಾಗ ಪಕ್ಕದ ಸೀಟು ಖಾಲಿ ಉಳಿದರೆ ಬೇಜಾರಾಗಬೇಡಿ.

ಏನಾದರೂ ಅನಾಹುತವಾದರೆ 112. ಅದೇ ಹೆಸರಿನ ಆ್ಯಪ್ ಹಾಕಿಕೊಂಡು ಅದರಿಂದ ಕರೆ ಮಾಡಿದರೆ ನೀವಿರುವ ಜಾಗವೂ ಅವರಿಗೆ ತಲುಪುತ್ತದೆ.

ಉಣುಗು

ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಉಣುಗಿನಿಂದ. ಸ್ಟಾಕ್‌ಹೋಮ್ ಸುತ್ತಮುತ್ತ ಉಣುಗು ಹರಡುವ ಟಿಬಿಇ ಎಂಬ ಮಿದುಳಿನ ಕಾಯಿಲೆಯ ವೈರಸ್ಸು ಅದರ ಹತ್ತಿರದ ನೆಂಟ. ಏಳು ಸಾವಿರ ಕಿಲೋಮೀಟರ್ ದೂರ ಬಂದರೂ ನಮ್ಮ ನೆಂಟರು ಸಿಗುತ್ತಾರೆ! ಟಿಬಿಇಗೆ ಲಸಿಕೆ ಇದೆ, ಹಾಕಿಸಿಕೊಳ್ಳಿ. ಒಂದು ಡೋಸಿಗೆ ಮುಗಿಯುವುದಿಲ್ಲ, ಹಾಗಾಗಿ ವಸಂತಕ್ಕೆ ಮೊದಲೇ ಶುರು ಮಾಡಿ. ಇನ್ನೊಂದು ಕಾಯಿಲೆ ಬೊರೆಲಿಯಾ, ಅದಕ್ಕೆ ಆ ಲಸಿಕೆ ನಾಟುವುದಿಲ್ಲ. ಆದರೆ ಆ್ಯಂಟಿಬಯೋಟಿಕ್‌ಗೆ ವಾಸಿಯಾಗುತ್ತದೆ.

ಪ್ಯಾಂಟನ್ನು ಕಾಲುಚೀಲದೊಳಗೆ ತೂರಿಸಿ. ರಾತ್ರಿ ಮತ್ತು ಮನೆಗೆ ಬಂದ ಮೇಲೆ ಮಂಡಿಯ ಹಿಂದೆ, ತೊಡೆಸಂದು, ಕಂಕುಳು, ಮಕ್ಕಳಿಗೆ ಕಿವಿಯ ಹಿಂದೆ ನೋಡಿ. ಕಚ್ಚಿಕೊಂಡಿದ್ದರೆ ಎಣ್ಣೆ, ಸುಣ್ಣ, ಬೆಂಕಿಕಡ್ಡಿ ಯಾವುದೂ ಬೇಡ. ಚಿಮಟದಿಂದ ಚರ್ಮಕ್ಕೆ ತಾಗುವಷ್ಟು ಹತ್ತಿರ ಹಿಡಿದು ನೇರಕ್ಕೆ ಎಳೆಯಿರಿ. ಆ ಜಾಗದಲ್ಲಿ ಮುಂದಿನ ವಾರಗಳಲ್ಲಿ ಕೆಂಪು ವೃತ್ತ ಹರಡಿದರೆ ಡಾಕ್ಟರ ಹತ್ತಿರ ಹೋಗಿ.

ಚಳಿಗಾಲದಲ್ಲಿ, ಮತ್ತೆ ಬೇರೆ ಊರಿನವರಿಗೆ

ಡಿಸೆಂಬರಿನಲ್ಲಿ ಮಧ್ಯಾಹ್ನ ಮೂರಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಆಗ ಇಡೀ ಹಾದಿ ಬೇಡ. ಸ್ಟಾಕ್‌ಹೋಮ್ ನಗರದೊಳಗಿನ ಸ್ಲುಸೆನ್‌ನಿಂದ 401 ಬಸ್ಸಿನಲ್ಲಿ ನಾಕಾ ಕಾಡಿನ ಹೆಲ್ಲಾಸ್‌ಗೋರ್ಡೆನ್‌ಗೆ ಹೋಗಿ. ಅಲ್ಲಿ ಸೌನಾ ಇದೆ, ಪಕ್ಕದ ಕೆರೆಯ ಮಂಜುಗಡ್ಡೆಯಲ್ಲಿ ಮುಳುಗೇಳಲು ಕೊರೆದ ಕಿಂಡಿಯೂ ಇದೆ. ಅಲ್ಲಿಂದ ಟಾರ್ಚ್ ಕಟ್ಟಿಕೊಂಡು ಕಾಡಿನೊಳಗೆ ಬ್ಯೋರ್ಕ್‌ಹಾಗೆನ್‌ಗೆ ನಡೆದರೆ ಪುಟ್ಟ ರಾತ್ರಿ ಚಾರಣ. ಹೆಪ್ಪುಗಟ್ಟಿದ ಕೆರೆಯನ್ನು ಅಡ್ಡ ಹಾಯುವ ಆಸೆ ಬಂದೇ ಬರುತ್ತದೆ. ಕನಿಷ್ಠ 10 ಸೆಂಟಿಮೀಟರ್ ಗಟ್ಟಿ ಮಂಜುಗಡ್ಡೆ, ಕೊರಳಲ್ಲಿ ಮಂಜಿಗೆ ಚುಚ್ಚಿ ಮೇಲೆ ಬರುವ ಮೊಳೆಗಳು, ಎಸೆಯುವ ಹಗ್ಗ, ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದ ಒಣ ಬಟ್ಟೆ, ಜೊತೆಗೆ ಅನುಭವ ಇರುವವರು. ಇವುಗಳಲ್ಲಿ ಒಂದು ಇಲ್ಲದಿದ್ದರೂ ದಡದಲ್ಲೇ ನಡೆಯಿರಿ.

ಗೋಥೆನ್‌ಬರ್ಗಿನವರು ರೈಲಿನಲ್ಲಿ ಹಿಂಡೋಸ್‌ಗೆ ಹೋಗಿ ವಿಲ್ಡ್‌ಮಾರ್ಕ್ಸ್‌ಲೇಡೆನ್ ಎಂಬ ಕಾಲುಹಾದಿ ಹಿಡಿದು ಊರಂಚಿನ ಸ್ಕಾಟೋಸ್‌ಗೆ ನಡೆದು ಬರಬಹುದು. ಅದು ಸುಮಾರು 40 ಕಿಲೋಮೀಟರ್, ಎರಡು ರಾತ್ರಿ ಇಟ್ಟುಕೊಳ್ಳಿ. ಓಸ್ಲೋದವರಿಗೆ ನೂರ್ಡ್‌ಮಾರ್ಕಾ ಕಾಡು ಮೆಟ್ರೋ ಬಾಗಿಲಲ್ಲೇ ಇದೆ. ನಾರ್ವೆಯಲ್ಲಿ ಜನ ವಾಸಿಸುವ ಮನೆಯಿಂದ 150 ಮೀಟರ್ ದೂರ ಟೆಂಟ್ ಹಾಕಬೇಕು. ಏಪ್ರಿಲ್ 15ರಿಂದ ಸೆಪ್ಟೆಂಬರ್ 15ರವರೆಗೆ ಕಾಡಿನಲ್ಲಿ ಮತ್ತು ಅದರ ಹತ್ತಿರ ಬೆಂಕಿಗೆ ಸಾಮಾನ್ಯ ನಿಷೇಧವಿದೆ. ಡೆನ್ಮಾರ್ಕಿನಲ್ಲಿ ಎಲ್ಲರ ಹಕ್ಕು ಅನ್ನುವುದೇ ಇಲ್ಲ. ಗುರುತು ಮಾಡಿದ ಕಾಡುಗಳಲ್ಲಿ ಮತ್ತು ಮರದ ತಂಗುಗುಡಿಗಳಲ್ಲಿ ಮಾತ್ರ ಮಲಗಬಹುದು.

ಕೊನೆಯ ಕೆಲಸ, ಆದರೆ ಮೊದಲೇ ಮಾಡಿ

ಒದ್ದೆ ಟೆಂಟನ್ನು ಚೀಲದಲ್ಲೇ ಬಿಟ್ಟರೆ ಮೂರು ದಿನಕ್ಕೆ ಬೂಷ್ಟು ಹಿಡಿಯುತ್ತದೆ. ಎರವಲು ತಂದದ್ದಾದರೆ ಮರ್ಯಾದೆಯೂ ಹೋಯಿತು. ನಮ್ಮ ಅಪಾರ್ಟ್‌ಮೆಂಟಿನ ಹಾಗೆ ನಿಮ್ಮಲ್ಲೂ ಎಲ್ಲರಿಗೂ ಸೇರಿದ ಬಟ್ಟೆ ಒಗೆಯುವ ಕೋಣೆ ಇದ್ದರೆ, ಅದರ ಪಕ್ಕದ ಒಣಗಿಸುವ ಕೋಣೆಯನ್ನು ಶನಿವಾರ ಸಂಜೆ ಏಳರ ಮೇಲೆ ಬುಕ್ ಮಾಡಿ. ಬುಕ್ ಮಾಡುವುದು ಹಿಂದಿನ ಭಾನುವಾರವೇ ಆಗಲಿ. ಶನಿವಾರ ಬಂದು ನೋಡಿದರೆ ಆ ಸಮಯವನ್ನು ಎರಡನೇ ಮಹಡಿಯ ಅಜ್ಜಿ ಹಿಡಿದಿರುತ್ತಾರೆ.